ಕೂಲಿ ಏರಿತು, ಎಲೆ ಇಳಿಯಿತು

ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ಕುಳಿತದ್ದೇ ತಡ, ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಯಾರೂ ಸೇದುತ್ತಿರಲಿಲ್ಲ; ಪಕ್ಕದ ಹೆಂಗಸಿನ ಮಡಿಲಲ್ಲಿ ಬೀಡಿ ಕಟ್ಟಲು ಕಂಪೆನಿಯ ಬ್ರಾಂಚಿನಿಂದ ತಂದ ಎಲೆ, ಸೊಪ್ಪಿನ ಚೀಲವಿತ್ತು. ಆ ವಾಸನೆಗೆ ನಿಮಗೆ ತಲೆನೋವು ಬರಬಹುದು, ನನಗೆ ಹಸಿವಾಗುತ್ತದೆ. ಏನು ಮಾಡುವುದು, ಬಾಲ್ಯವಿಡೀ ಅದರ ನಡುವೆಯೇ ಉಂಡವಳು ನಾನು.

ಮುಂದಿನ ಸೀಟಿನಲ್ಲಿ ಇಬ್ಬರು ಮಹನೀಯರು ಕನಿಷ್ಠ ಕೂಲಿಯ ಬಗ್ಗೆ ಗಹನವಾದ ಚರ್ಚೆಯಲ್ಲಿದ್ದರು. "ಸರಕಾರ ಹೀಗೆ ಏರಿಸ್ತಾ ಹೋದ್ರೆ ಕಂಪೆನಿಯವರು ಬಾಗಿಲು ಹಾಕ್ತಾರೆ ಮಾರಾಯ್ರೆ. ಮತ್ತೆ ಈ ಹೆಂಗಸರು ಎಂತ ಮಾಡುವುದು?" ಹೆಂಗಸರ ಮೇಲೆ ಅದೆಂಥ ಕನಿಕರ! ನನಗೆ ಲೀಲಕ್ಕ ನೆನಪಾದಳು.

ಪುತ್ತಿಗೆಯಲ್ಲಿ ಲೀಲಕ್ಕ ನಮ್ಮ ನೆರೆಮನೆಯವಳು. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆದದ್ದು ಬೀಡಿಯಿಂದ. ಮಧ್ಯಾಹ್ನ ಊಟವಾದೊಡನೆ ಅಮ್ಮ, ಮೈಮೂನಕ್ಕ, ಅಕ್ಕಪಕ್ಕದ ಇನ್ನೂ ಕೆಲವರು ಅವಳ ಜಗಲಿಯಲ್ಲಿ ಸೇರಿ ಬೀಡಿ ಕಟ್ಟುತ್ತಿದ್ದರು. ನಾನೂ ಒಮ್ಮೆ ಕಟ್ಟಿದ್ದೆ. "ಇದೆಂತ, ಬಸುರಿ ಬೀಡಿಯಾ?" ಎಂದು ಮೈಮೂನಕ್ಕ ನಕ್ಕದ್ದಕ್ಕೆ ಸಿಟ್ಟಾಗಿ ಪುಸ್ತಕ ಹಿಡಿದೆ. ನಾನು ಟೀಚರ್ ಆದದ್ದರ ಗುಟ್ಟು ಇಷ್ಟೇ.

ಆ ಜಗಲಿಯಲ್ಲಿ ಕತ್ತರಿಗೆ ಭಾರೀ ಮರ್ಯಾದೆ. ಬ್ರಾಂಚಿನವ ಕೊಟ್ಟ ಎಲೆಯಲ್ಲೇ ಲೆಕ್ಕದಷ್ಟು ಬೀಡಿ ಕಟ್ಟಿ ಒಪ್ಪಿಸಬೇಕು; ಅದರಲ್ಲಿ ಎಷ್ಟು ತುಂಡು ತೆಗೆಯುತ್ತಾಳೆ ಎಂಬುದರಲ್ಲೇ ಹೆಂಗಸಿನ ಜಾಣತನ. ಎಲೆ ಸಾಲಲಿಲ್ಲ ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ. ಹೇಳಿದರೆ ತನ್ನ ಕೈ ಹಾಳು ಎಂದು ತಾನೇ ಒಪ್ಪಿಕೊಂಡ ಹಾಗೆ.

ಒಂದು ವರ್ಷ ಕೂಲಿ ಏರಿತು. ಜಗಲಿಯಲ್ಲಿ ಪಾಯಸವೇ ಆಯಿತು. ಆದರೆ ಸ್ವಲ್ಪ ದಿನದಲ್ಲೇ ಅಮ್ಮ ಗುಟ್ಟಾಗಿ ಮೂಡುಬಿದಿರೆ ಪೇಟೆಯಿಂದ ಎಲೆ ಕೊಂಡು ತರತೊಡಗಿದಳು. ಏರಿದ ಕೂಲಿಯೆಲ್ಲ ಅದಕ್ಕೇ ಹೋಗುತ್ತಿತ್ತು. "ಪ್ರಾಯ ಆಯ್ತಲ್ಲ, ಕತ್ತರಿ ಓಡುವುದಿಲ್ಲ," ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಲೀಲಕ್ಕ ಕತ್ತರಿ ಕೆಳಗಿಟ್ಟು, "ನಾಚಿಕೆ ಬಿಟ್ಟು ಹೇಳ್ತೇನೆ, ನನಗೆ ಎಲೆ ಸಾಕಾಗುವುದಿಲ್ಲ. ಅಂಗಡಿಯಿಂದ ತರ್ತೇನೆ," ಎಂದಳು. ಆಮೇಲೆ ಮೈಮೂನಕ್ಕ ಮೆಲ್ಲಗೆ, "ನಾನೂ," ಎಂದಳು. ಅಮ್ಮನೂ ಎಂದಳು. ಒಬ್ಬೊಬ್ಬರೂ ತಮ್ಮ ಕೈಯನ್ನೇ ದೂರಿಕೊಂಡು ಕದ್ದುಮುಚ್ಚಿ ಎಲೆ ತರುತ್ತಿದ್ದರು! ಬ್ರಾಂಚಿನವ ಕೂಲಿ ಏರಿಸಿ ಎಲೆಯ ತೂಕ ಇಳಿಸಿದ್ದ. ಈಗ ನೆನೆದರೂ ಮೈ ಉರಿಯುತ್ತದೆ.

ಮರುದಿನ ಎಲ್ಲರೂ ಖಾಲಿ ಚೀಲ ಹಿಡಿದು ಬ್ರಾಂಚಿನ ಮುಂದೆ ನಿಂತರು. "ಎಲೆ ನಮ್ಮೆದುರು ತೂಗಿ ಕೊಡಿ. ಇಲ್ಲದಿದ್ರೆ ಕಟ್ಟುವುದಿಲ್ಲ," ಎಂದಳು ಲೀಲಕ್ಕ.

"ಬೇರೆ ಊರಿನವರು ಕಟ್ಟಿ ಕೊಡ್ತಾರೆ," ಎಂದ ಅವನು.

"ಆ ಊರಿಗೂ ಹೋಗಿ ಹೇಳ್ತೇನೆ. ನನಗೆ ಕಾಲು ಉಂಟು."

ಹೋದಳು ಕೂಡ. ಆ ದಿನಗಳಲ್ಲಿ ನಮ್ಮ ಮನೆಯ ಗಂಜಿ ತೆಳುವಾಯಿತು, ಅಮ್ಮನ ಪಟ್ಟು ಸಡಿಲಾಗಲಿಲ್ಲ. ಕೊನೆಗೆ ಬ್ರಾಂಚಿನವ ತಕ್ಕಡಿಯನ್ನು ಹೊರಗೆ ತಂದಿಟ್ಟ.

"ಅಲ್ವಾ ಮೇಡಂ?" ಮುಂದಿನ ಸೀಟಿನವರು ನನ್ನ ಕಡೆ ತಿರುಗಿದ್ದರು.

"ಅಲ್ಲ," ಎಂದೆ. ಕ್ಲಾಸಿನ ಗಂಟಲು, ಬಸ್ಸಿಗೆಲ್ಲ ಕೇಳಿಸಿತು. "ಕೂಲಿ ಏರಲೇಬೇಕು. ಏರಿದ್ದು ಕೈಗೆ ಸಿಗಲೂಬೇಕು."

ಅವರು ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಪಕ್ಕದವಳನ್ನು ಕೇಳಿದೆ, "ನಿಮಗೆ ಎಲೆ ಸಾಕಾಗ್ತದಾ?"

ಅವಳು ಚೀಲವನ್ನು ಅವುಚಿಕೊಂಡಳು. "ನನ್ನ ಕೈಯೇ ಸರಿ ಇಲ್ಲ ಅಕ್ಕ. ಅಂಗಡಿಯಿಂದ ತರ್ತೇನೆ. ಯಾರಿಗೂ ಹೇಳ್ಬೇಡಿ."

ನಾನು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು.

"ಎಲ್ಲರಿಗೂ ಹೇಳುವ ಮಾರಾಯ್ತಿ," ಎಂದೆ. "ಇವತ್ತೇ ಹೇಳುವ. ನಿಮ್ಮ ಮನೆಗೆ ಎಲ್ಲಿ ಇಳಿಯುವುದು?"