ಮಂಚದೊಳಗಿನ ಮೂರು ಗೀಟು

ನಮ್ಮ ತಾತ ಮಂಚ ಮಾಡುವವರು. ಮಾಲೂರಿನಿಂದ ಮುಳಬಾಗಿಲಿನವರೆಗೆ ಎಷ್ಟೋ ಮನೆಗಳಿಗೆ ಮಂಚ, ತೊಟ್ಟಿಲು ಮಾಡಿಕೊಟ್ಟರಂತೆ. ನಮ್ಮ ಮನೆಯಲ್ಲಿ ಮಾತ್ರ ಅವರು ಮಾಡಿದ ಒಂದು ಮಣೆಯೂ ಉಳಿದಿಲ್ಲ. ಅಪ್ಪ ಮೇಷ್ಟರಾದರು, ನಾನು ಬ್ಯಾಂಕು ಸೇರಿದೆ. ತಾತನ ಕೆಲಸ ಹುಡುಕಿಕೊಂಡು ಎರಡು ವರ್ಷ ಶ್ರೀನಿವಾಸಪುರದ ಕಡೆಯೆಲ್ಲ ಅಲೆದದ್ದು ಅತ್ತೆಗಾಗಿ. ಅಪ್ಪನ ಅಕ್ಕ ಆಕೆ, ಈಗ ಕಣ್ಣು ಕಾಣುವುದಿಲ್ಲ. "ನಮ್ಮಪ್ಪ ಮಾಡಿದ್ದು ಒಂದನ್ನಾದ್ರೂ ಮುಟ್ಟಿ ಹೋಗ್ತೀನಿ ಕಣೋ" ಎನ್ನುತ್ತಿದ್ದಳು.

ಗುರುತು ಹೇಳಿದವಳೂ ಆಕೆಯೇ. ತಾತ ಹೊರಗೆ ಏನೂ ಕೆತ್ತುತ್ತಿರಲಿಲ್ಲ. ಮಂಚದ ಕಾಲಿನೊಳಗೆ ಸೇರಿಹೋಗುವ ಪಟ್ಟಿಯ ತುದಿಗೆ ಉಳಿಯಿಂದ ಮೂರು ಗೀಟು ಎಳೆದು, ಆಮೇಲೆ ಕೂಡಿಸಿ ಮರದ ಬೆಣೆ ಹೊಡೆಯುತ್ತಿದ್ದರು. ಬಿಚ್ಚಿದರಷ್ಟೇ ಕಾಣುತ್ತದೆ.

ಕೊನೆಗೆ ಮುಳಬಾಗಿಲಿನಲ್ಲಿ, ಬಟ್ಟೆ ವ್ಯಾಪಾರದ ಮುಸಲ್ಮಾನರೊಬ್ಬರ ಮನೆಯಲ್ಲಿ, ತಾತ ಮಾಡಿದ್ದೆನ್ನುವ ಹಲಸಿನ ಮರದ ಮಂಚವಿದೆಯೆಂದು ತಿಳಿಯಿತು. ಅತ್ತೆಯನ್ನು ಕರೆದುಕೊಂಡು ಹೋದೆ. ಆ ಮನೆಯ ಅಜ್ಜಿ ತಾವೇ ಹಾಸಿಗೆ ಸುತ್ತಿಟ್ಟರು.

"ನಾಲ್ಕು ಮಕ್ಕಳನ್ನ ಇದರ ಮೇಲೇ ಹೆತ್ತಿದ್ದು ಬೇಟಾ. ಈಗಲೂ ಮಲಗೋದು ಇಲ್ಲೇ. ಬಿಚ್ಚಿ ನೋಡು, ಪರವಾಗಿಲ್ಲ."

"ಯಾರಾದ್ರೂ ಬಡಗೀನ ಕರೆಸೋಣ್ವಾ?" ಎಂದೆ.

"ಬಡಗಿ ಮೊಮ್ಮಗನಿಗೆ ಬಡಗಿ ಯಾಕ್ಲಾ?" ಎಂದು ಅತ್ತೆ ನಕ್ಕಳು.

ಆ ಮಾತಿಗೆ ಉಬ್ಬಿಹೋದೆ. ಸುತ್ತಿಗೆ ಇಸಿದುಕೊಂಡು ಬೆಣೆಗೆ ಹೊಡೆದೆ. ಅಲುಗಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಬಿದಿರು ಸಿಗಿದ ಹಾಗೆ ಸದ್ದಾಗಿ ಮಂಚದ ಕಾಲು ಉದ್ದಕ್ಕೂ ಸೀಳಿತು. ಪಟ್ಟಿ ಕಳಚಿ ಬಂತು. ಅದರ ತುದಿಯಲ್ಲಿ ಮೂರು ಗೀಟು, ನಿನ್ನೆ ಎಳೆದಂತೆ.

ಅತ್ತೆಯ ಬೆರಳು ಹಿಡಿದು ಅದರ ಮೇಲಿಟ್ಟೆ. ಬಹಳ ಹೊತ್ತು ಸವರಿದಳು. ಆಮೇಲೆ ಆ ಕೈ ತಡವುತ್ತ ಸೀಳಿಗೆ ಹೋಯಿತು, ಅಲ್ಲಿಂದ ಬೆಣೆಗೆ.

"ಯಾವ ಕಡೆಯಿಂದ ಹೊಡೆದೆ?"

"ಹೊರಗಡೆಯಿಂದ ಅತ್ತೆ."

"ಅದು ದಪ್ಪ ಕಡೆ. ಒಳಗಡೆ ಸಣ್ಣಗಿರುತ್ತೆ, ಅಲ್ಲಿಂದ ತಟ್ಟಿದ್ರೆ ತಾನಾಗೇ ಬರ್ತಿತ್ತು." ಬೆಣೆಯ ತುದಿ ಸವರುತ್ತ, "ನಮ್ಮನೇಲಿ ಅಂಬೆಗಾಲಿಡೋ ಮಕ್ಕಳಿಗೂ ಗೊತ್ತಿತ್ತು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ.

"ಹೋಗ್ಲಿ ಬಿಡಮ್ಮ, ಹಳೇ ಮರ" ಎಂದರು ಆ ಅಜ್ಜಿ. ಹೊಸ ಕಾಲು ಮಾಡಿಸಿಕೊಡುತ್ತೇನೆಂದೆ. ಆಗಲಿ ಎಂಬಂತೆ ತಲೆಯಾಡಿಸಿದರು.

ನಾವು ಹೊರಡುವಾಗ ಅವರು ಒಂದು ಕೈಯಲ್ಲಿ ಗೋಡೆ ಹಿಡಿದು, ನಿಧಾನವಾಗಿ ಬಗ್ಗಿ, ನೆಲದ ಮೇಲೆ ಚಾಪೆ ಹಾಸುತ್ತಿದ್ದರು.