ಮೊದಲ ಸರದಿಯ ಕೊನ್ಸಿಂಗ್ ಅತ್ತೆ
ಸೋಮವಾರ ಕೂಸಿನ ಎದೆಯ ಆಪರೇಷನ್, ಕೈಯಲ್ಲಿ ಹಣವಿಲ್ಲ ಎಂಬ ಚಿಂತೆ ಲಿವಾಯ್‌ಳನ್ನು ಬಿಡುತ್ತಿರಲಿಲ್ಲ. ಗಂಡ ಹಡಗಿನಲ್ಲಿ ದುಡಿದು ಕಳಿಸಿದ್ದೆಲ್ಲ ಐದು ವರ್ಷ ಮುಟ್ಟಲಾಗದ ಫಂಡಿನಲ್ಲಿತ್ತು. ಮತ್ತೆ ಮತ್ತೆ ನೆನಪಾಗುತ್ತಿದ್ದವಳು ಇಲೊಯಿಲೊ ಪೇಟೆಯಲ್ಲಿ ಒಣಮೀನು ಮಾರುವ, ಪೇಟೆಗೆಲ್ಲ ಅತ್ತೆಯಾದ ಕೊನ್ಸಿಂಗ್ ಅತ್ತೆ. ಹೂಡಿಕೆಯ ಮಾತೆತ್ತಿದರೆ ಸಾಕು, ಅತ್ತೆ ತಕ್ಕಡಿ ಕೆಳಗಿಟ್ಟು ಪಾಠ ಶುರುಮಾಡುವಳು: "ಚಕ್ರಬಡ್ಡಿ ಅಂದ್ರೆ ಹಂದಿಮರಿಯೂ ಬೆಳೆದು ಮರಿ ಹಾಕೋದು ಕಣೇ. ಲಿಕ್ವಿಡಿಟಿ ಅಂದ್ರೆ ನೀನು ಅಳೋ ಹೊತ್ತಿಗೆ ನಿನ್ನ ದುಡ್ಡು ನಿನ್ನ ಕೈಗೆ ಬರೋದು." ಹರಕೆಯ ಮೇಣದಬತ್ತಿ ಹಚ್ಚುವಾಗಲೂ ಅವಳು ಸಂತನನ್ನು 'ರಿಟರ್ನ್ ಎಷ್ಟು?' ಎಂದು ಕೇಳುತ್ತಾಳೆಂದು ಪೇಟೆಯೇ ನಗುತ್ತಿತ್ತು. ಎಲ್ಲರೂ ಹಣ ಹಾಕಿ ಸರದಿಯಂತೆ ಒಬ್ಬೊಬ್ಬರೇ ಇಡೀ ಗಂಟು ಎತ್ತುವ ಹೆಂಗಸರ ಪಲುವಾಗನ್ ಚೀಟಿಯಲ್ಲಿ ಮಾತ್ರ ಪ್ರತಿ ವರ್ಷ ಮೊದಲ ಸರದಿ ತನಗೇ ಬೇಕೆಂದು ಅವಳ ಹಟ. "ಆಸೆಬುರುಕಿ!" ಎಂದರೆ "ಹೌದು, ಏನೀಗ?" ಎನ್ನುವಳು. ಆದರೆ ಆ ಹಣ ಅವಳ ಮನೆ ಸೇರಿದ್ದನ್ನು ಯಾರೂ ಕಂಡಿಲ್ಲ. ಕಳೆದ ವರ್ಷ ಅದು ಯಾರದೋ ಹೆರಿಗೆಗೆ ಹೋಯಿತು, ಅದರ ಹಿಂದಿನ ವರ್ಷ ಇನ್ನಾರದೋ ಶವಪೆಟ್ಟಿಗೆಗೆ. ಹಿಂದೆ ಅತ್ತೆಯ ಸ್ವಂತ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಾಗ, ಅವಳ ಉಳಿತಾಯವೆಲ್ಲ ವಾಯಿದೆ ಮುಗಿಯುವುದನ್ನು ಕಾಯುತ್ತ ಬ್ಯಾಂಕಿನಲ್ಲಿ ಕೂತಿತ್ತು. ಕೊನೆಗೂ ಲಿವಾಯ್ ಫೋನ್ ಮಾಡಿದಳು. "ಅತ್ತೇ, ಈ ಸಲದ ಸರದಿ..." "ಇಟ್ಕೊಂಡೇ ಕೂತಿದೀನಿ ಕಣೇ. ಯಾಕಿಷ್ಟು ತಡ ಮಾಡ್ದೆ?"