ನೆನಪಿಗೆಂದು ಅರೆದ ಒಂದೆಲಗ

ಹಗರೆಯಲ್ಲಿ ಬಸ್ ಇಳಿದೆ. ಇಳಿದ ಮೇಲೆ, ಯಾಕೆ ಇಳಿದೆ ಅನ್ನುವುದೇ ಹೊಳೆಯಲಿಲ್ಲ. ಕೈಯಲ್ಲಿ ಖಾಲಿ ಚೀಲ, ಎದುರಿಗೆ ಡೈರಿಯ ಮುಂದೆ ಹಾಲಿನ ಕ್ಯಾನು ಇಳಿಸುತ್ತಿದ್ದ ಜನ. ಅರಳಿಕಟ್ಟೆಯ ಮೇಲೆ ಕೂತು ಬೆಳಗಿನಿಂದ ಮಾಡಿದ್ದನ್ನು ಒಂದೊಂದಾಗಿ ಜ್ಞಾಪಿಸಿಕೊಂಡೆ. ಸ್ನಾನ ಮಾಡಿದ್ದು, ಬಸದಿಗೆ ಹೋಗಿ ಬಂದದ್ದು, ಉಪ್ಪಿಟ್ಟು ತಿಂದದ್ದು, ಹಳೇಬೀಡಿನ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದ್ದು. ಆಮೇಲೆ ಏನೂ ಇಲ್ಲ. ಕಾಲು ಗಂಟೆಯಾದ ಮೇಲೆ ‘ತುಪ್ಪ’ ಅಂತ ನೆನಪಾಯಿತು. ಅಲ್ಲಿ ಒಬ್ಬರ ಮನೆಯಲ್ಲಿ ಒಳ್ಳೆಯ ತುಪ್ಪ ಸಿಗುತ್ತದೆ, ಅದಕ್ಕೇ ಬಂದಿದ್ದೆ. ತುಪ್ಪ ತಂದೆ. ನಡೆದದ್ದನ್ನು ಮಾತ್ರ ಯಜಮಾನರಿಗೂ ಹೇಳಲಿಲ್ಲ, ಪಕ್ಕದ ಮನೆಯಲ್ಲೇ ಇರುವ ಓರಗಿತ್ತಿಗೂ ಹೇಳಲಿಲ್ಲ.

ಅರವತ್ತಕ್ಕೆ ಅರಳುಮರುಳು ಅಂತ ಎಲ್ಲರೂ ನಗುತ್ತಾರೆ. ನನಗೆ ಅರವತ್ತನಾಲ್ಕು, ನನಗೆ ನಗು ಬರುವುದಿಲ್ಲ. ನಮ್ಮಮ್ಮನಿಗೆ ಅದು ಶುರುವಾದದ್ದು ಇದೇ ವಯಸ್ಸಿನಲ್ಲಿ. ಕೊನೆಯ ಎರಡು ವರ್ಷ ಅವಳು ನನ್ನ ಹತ್ತಿರವೇ ಇದ್ದಳು. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದರೆ ನನ್ನ ಮುಖವನ್ನೇ ನೋಡಿ, “ನೀವು ಯಾರ ಪೈಕಿ? ಬಿಸಿಲಲ್ಲಿ ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ” ಅಂದಳು. ಹುಟ್ಟಿದಾಗಿನಿಂದ ‘ಏನೇ’, ‘ಬಾರೇ’ ಅಂತ ಕರೆದ ಬಾಯಿ ಅದು. ನನಗೆ ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಬಟ್ಟಲನ್ನು ಅಲ್ಲೇ ಕುಕ್ಕಿ ಹಿತ್ತಲಿಗೆ ಹೋಗಿ ಅತ್ತೆ. ಸಾವು ಬಂದರೆ ಬರಲಿ, ಆದರೆ ನನ್ನವರನ್ನು ನಾನು ಹಾಗೆ ‘ನೀವು ಯಾರು’ ಅಂತ ಕೇಳುವ ದಿನ ಬರಬಾರದು. ಇದೊಂದೇ ನನ್ನ ಭಯ.

ಹಗರೆಯಿಂದ ಬಂದವಳು ಸುಮ್ಮನೆ ಕೂರಲಾಗದೆ ಮದ್ದು ಹುಡುಕಲು ಶುರುಮಾಡಿದೆ. ವಾಟ್ಸಾಪಿನಲ್ಲಿ ಮಿದುಳಿಗೆ ಮದ್ದು ಹೇಳುವವರಿಗೆ ಬರವೇ? ಒಬ್ಬರು ಬೆಳ್ಳುಳ್ಳಿ ಅಂದರು, ಇನ್ನೊಬ್ಬರು ಹಸಿ ಅರಿಶಿನದ ಕೊಂಬು, ಮತ್ತೊಬ್ಬರು ಹಸಿಶುಂಠಿ. ಜೈನರ ಮನೆಯ ಹೊಸ್ತಿಲನ್ನೇ ದಾಟದ ಪದಾರ್ಥಗಳನ್ನೆಲ್ಲ ಆರಿಸಿ ಆರಿಸಿ ಕಳಿಸುತ್ತಾರೆ! ನೆಲದೊಳಗೆ ಬೆಳೆಯುವುದನ್ನು ನಾವು ಹಸಿಯಾಗಿ ತಿನ್ನುವುದಿಲ್ಲ. ಒಣಗಿದ ಮೇಲೆ ಅಡ್ಡಿಯಿಲ್ಲ. ಹಾಗಾಗಿ ಒಣಗಿದ್ದನ್ನು ಹುಡುಕಿಕೊಂಡು ಜಾವಗಲ್ ಮೇಲೆ ಅರಸೀಕೆರೆಯ ಬಸ್ ಹಿಡಿದೆ. ದಾರಿಯುದ್ದಕ್ಕೂ ಹತ್ತೊಂಬತ್ತರ ಮಗ್ಗಿಯನ್ನು ಹಿಂದಿನಿಂದ ಹೇಳಿಕೊಂಡೆ. ಮೂವತ್ತೈದು ವರ್ಷ ಮಕ್ಕಳ ಬಾಯಲ್ಲಿ ಮಗ್ಗಿ ಹೇಳಿಸಿದವಳು ನಾನು. ಒಂದು ಕಡೆ ತಡವರಿಸಿದ್ದಕ್ಕೆ ಅರಸೀಕೆರೆ ಬರುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಪೇಟೆಯಲ್ಲಿ ನಾರು ಬೇರು ಮಾರುವ ಹಳೆಯ ಗ್ರಂಥಿಗೆ ಅಂಗಡಿಯೊಂದಿದೆ. ಬಜೆ, ಅಶ್ವಗಂಧ, ಒಣಶುಂಠಿ, ಜಾಯಿಕಾಯಿ ಅಂತ ಚೀಟಿ ನೋಡಿ ಹೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಮರೆವಿಗಾ ಅಮ್ಮಾ? ಯಾರಿಗೆ?” ಅಂದರು.

“ನಮ್ಮ ಓರಗಿತ್ತಿಗೆ” ಅಂದುಬಿಟ್ಟೆ.

“ಇವೆಲ್ಲ ಮೈಗೆ ಒಳ್ಳೇದೇ. ಆದ್ರೆ ಹೋಗಿರೋ ನೆನಪನ್ನ ವಾಪಸ್ ತರುತ್ತೆ ಅಂತ ನಾನು ಹೇಳಲ್ಲ. ಅವ್ರನ್ನ ಮೊದ್ಲು ಡಾಕ್ಟ್ರಿಗೆ ತೋರ್ಸಿ.”

ವ್ಯಾಪಾರ ಮಾಡುವವನಿಗೆ ಉಪದೇಶ ಯಾಕೆ ಅಂತ ಸಿಟ್ಟು ಬಂತು. ಪೊಟ್ಟಣ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಂದೆ. ಓರಗಿತ್ತಿಯ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಬಸ್ಸಿನಲ್ಲಿ ನಾಚಿಕೆಯಾಯಿತು.

ಮರುದಿನದಿಂದ ಅಡುಗೆಮನೆಯಲ್ಲಿ ನನ್ನದೇ ದರ್ಬಾರು. ತೇಯುವ ಕಲ್ಲಿನ ಮೇಲೆ ಬಜೆ ತೇಯ್ದು, ಜೇನು ನಮಗೆ ನಿಷಿದ್ಧವಾದ್ದರಿಂದ ತುಪ್ಪದಲ್ಲಿ ಕಲೆಸಿ, ನಾಲಿಗೆಗೆ ಒಂದಿಷ್ಟು. ಬಿಸಿ ಹಾಲಿಗೆ ಅರಿಶಿನ, ಅದರ ಮೇಲೆ ಮೆಣಸಿನ ಪುಡಿ. ಮೆಣಸಿಲ್ಲದಿದ್ದರೆ ಅರಿಶಿನ ಮೈಗೆ ಹತ್ತುವುದಿಲ್ಲವಂತೆ. ಯಜಮಾನರು ಪೇಪರ್ ಓದುವುದು ಬಿಟ್ಟು ಇದನ್ನೇ ನೋಡುತ್ತಿದ್ದರು.

“ಬಜೆ ನೆಕ್ಕೋಕೆ ನೀನೇನು ಮೂರು ತಿಂಗಳ ಕೂಸೇನೇ? ತೊಟ್ಟಿಲು ಕಟ್ಟಲಾ?” ಅಂದರು.

“ಕಟ್ಟಿ. ನೀವೇ ತೂಗಬೇಕು” ಅಂದೆ.

ನಗುತ್ತಿದ್ದೆವು, ನಿಜ. ಆದರೆ ಒಳಗೆ ಒಂದು ಗಳಿಗೆಯೂ ನೆಮ್ಮದಿಯಿಲ್ಲ. ಗ್ಯಾಸ್ ಆರಿಸಿದೆನೇ ಅಂತ ಮೂರು ಸಲ ಎದ್ದು ನೋಡುವುದು. ನಿನ್ನೆ ಏನು ಸಾರು, ಮೊನ್ನೆ ಏನು ಪಲ್ಯ ಅಂತ ನನ್ನನ್ನೇ ಪರೀಕ್ಷೆ ಮಾಡಿಕೊಳ್ಳುವುದು. ಉತ್ತರ ಬಂದರೆ, ಇದು ಸರಿಯೋ ತಪ್ಪೋ ಅಂತ ಮತ್ತೆ ಅನುಮಾನ.

ಮಳೆ ಹಿಡಿದ ಮೇಲೆ ಒಂದೆಲಗ ಬಂತು. ಕೆರೆ ಏರಿಯ ಕೆಳಗೆ ಗದ್ದೆ ಮಾಡುವ ಹೆಂಗಸೊಬ್ಬಳು ಹಾಲು ಹಾಕಲು ಬರುತ್ತಾಳೆ. ಅವಳ ಮಗಳಿಗೆ ಓದು ಕಲಿಸಿದವಳು ನಾನೇ. ನನ್ನ ಬಜೆಯ ಕಥೆ ಕೇಳಿ ಅವಳು ಬಾಯಿ ಮೇಲೆ ಬೆರಳಿಟ್ಟಳು.

“ಅದ್ಯಾಕ್ ಟೀಚರಮ್ಮ ಅರಸೀಕೆರೆಗಂಟ ಹೋಗಿದ್ರಿ? ಹಿತ್ತಲ ಗಿಡ ಮದ್ದಲ್ಲ ಅಂದಂಗಾಯ್ತು. ನಮ್ ಬದಿನಾಗೆ ಒಂದೆಲಗ ಬೇಕಾದಂಗೆ ಐತೆ, ದಿನಾ ತಂದ್ಕೊಡ್ತೀನಿ ಬುಡಿ.”

ಮಾತಿಗೆ ತಪ್ಪಲಿಲ್ಲ. ಹಾಲಿನ ಜೊತೆ ದಿನವೂ ಒಂದು ಹಿಡಿ ಸೊಪ್ಪು. ನಾಲ್ಕು ನೀರಿನಲ್ಲಿ ತೊಳೆದು, ತೆಂಗಿನಕಾಯಿ, ಮೆಣಸು, ಚೂರು ಹುಣಸೆಹಣ್ಣು ಇಟ್ಟು ರುಬ್ಬಿದರೆ ರೊಟ್ಟಿಗೆ ಅದೇ ಹಬ್ಬದೂಟ. ಕೊನೆಯಲ್ಲಿ ನಾಲಿಗೆಗೆ ಸಣ್ಣ ಕಹಿ. ಆ ಕಹಿ ನನಗೆ ಧೈರ್ಯ ಕೊಡುತ್ತಿತ್ತು. ಮೊದಲ ದಿನ ನಾನು ಚಟ್ನಿ ಬಡಿಸಿಕೊಂಡಾಗ ಯಜಮಾನರು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಅಂದಿನಿಂದ ತಮಾಷೆಯೂ ನಿಂತಿತು. ಗುಣ ಕಾಣಿಸಿರಬೇಕು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಾರೆ ಅಂದುಕೊಂಡು ನಾನು ಗೆದ್ದವಳ ಹಾಗೆ ಬೀಗಿದೆ.

ಭಾದ್ರಪದದ ಪರ್ವದ ದಿನಗಳಲ್ಲಿ ಬಸದಿಯ ಜಗಲಿಯ ಮೇಲೆ ನಾವು ಏಳೆಂಟು ಹೆಂಗಸರು ಪೂಜೆಯ ಅಕ್ಕಿ ಆರಿಸುತ್ತಾ ಕೂತಿದ್ದೆವು. ಮಾತು ವಯಸ್ಸಿನ ಕಡೆ ತಿರುಗಿತು. ಮಂಡಿ ನೋವು ಒಬ್ಬರಿಗೆ, ಮರೆವು ಇನ್ನೊಬ್ಬರಿಗೆ. ನನಗೆ ತಡೆಯಲಾಗಲಿಲ್ಲ.

“ಮರೆವಿಗೆ ಒಂದೆಲಗದಂಥ ಮದ್ದಿಲ್ಲ ಕಣ್ರೇ. ಮಳೆ ಬಿದ್ದಾಗಿನಿಂದ ಒಂದು ದಿನ ತಪ್ಪಿಸಿಲ್ಲ, ದಿನಾ ಚಟ್ನಿ” ಅಂದೆ.

ಅಕ್ಕಿ ಆರಿಸುತ್ತಿದ್ದ ಕೈಗಳೆಲ್ಲ ನಿಂತವು. ಓರಗಿತ್ತಿ ನನ್ನ ಮುಖ ನೋಡಿದಳು.

“ಅಕ್ಕಾ, ನೀವು ಸೊಪ್ಪು ಬಿಟ್ಟಿದ್ದೀರಲ್ಲ?”

ಮಳೆಗಾಲದಲ್ಲಿ ಸೊಪ್ಪಿನ ಮೇಲೆ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ ಅಂತ ನಮ್ಮಲ್ಲಿ ಬಹಳ ಜನ ಆಷಾಢದಿಂದ ದೀಪಾವಳಿಯವರೆಗೆ ಸೊಪ್ಪು ತಿನ್ನುವುದಿಲ್ಲ. ಬಸದಿಯಲ್ಲಿ ಕೈ ಮುಗಿದು ನಿಯಮ ತೆಗೆದುಕೊಂಡರೆ ಮುಗಿಯಿತು, ಮುರಿಯುವ ಹಾಗಿಲ್ಲ. ಅದೆಲ್ಲ ನನಗೆ ಚೆನ್ನಾಗಿ ಗೊತ್ತು. ಈ ವರ್ಷ ನಾನು ನಿಯಮ ತೆಗೆದುಕೊಂಡಿರಲಿಲ್ಲ, ಅಷ್ಟೇ.

“ನಾನೆಲ್ಲಿ ಬಿಟ್ಟೆ? ಯಾರು ಹೇಳಿದ್ದು ನಿಂಗೆ?” ಅಂದೆ.

“ಆಷಾಢದ ಚತುರ್ದಶಿ ದಿನ ಅಕ್ಕಾ. ಇಲ್ಲೇ, ಮಾತಾಜಿಯವರ ಮುಂದೆ. ಎಲ್ಲರಿಗಿಂತ ಮೊದಲು ಕೈ ಮುಗಿದವರೇ ನೀವು. ನಿಮ್ಮನ್ನ ನೋಡಿ ನಾನೂ ಬಿಟ್ಟೆ.”

ಎಲ್ಲರ ಮುಂದೆ ಅವಳ ಮೇಲೆ ಹರಿಹಾಯ್ದೆ. ಸುಳ್ಳು ಹುಟ್ಟಿಸಬೇಡ ಅಂದೆ, ನಿನಗೇ ಮರೆವು ಅಂದೆ. ಅವಳು ಕಣ್ಣು ತುಂಬಿಕೊಂಡಳು. ಉಳಿದವರು ತಲೆ ತಗ್ಗಿಸಿ ಮತ್ತೆ ಅಕ್ಕಿ ಆರಿಸತೊಡಗಿದರು. ಅವರಲ್ಲಿ ಒಬ್ಬರಾದರೂ ನನ್ನ ಪರ ಮಾತಾಡಲಿ ಅಂತ ಕಾದೆ.

ದುಡುದುಡು ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದೆ. ಚತುರ್ದಶಿಯ ಚೌಕದಲ್ಲಿ ಕೆಂಪು ಪೆನ್ನಿನಲ್ಲಿ, ‘ಸೊಪ್ಪು ಬಿಟ್ಟಿದ್ದೇನೆ, ದೀಪಾವಳಿವರೆಗೆ’ ಅಂತ ಇತ್ತು. ನನ್ನದೇ ದುಂಡನೆಯ ಅಕ್ಷರ. ಬಸದಿಗೆ ಸಾಧ್ವಿ ಮಾತಾಜಿಯವರು ಬಂದದ್ದು ನೆನಪಿದೆ. ಅಂದು ಜೋರು ಗಾಳಿಯಿತ್ತು, ಅದೂ ನೆನಪಿದೆ. ಕೈ ಮುಗಿದದ್ದು ಎಷ್ಟು ತಡಕಾಡಿದರೂ ಸಿಗಲಿಲ್ಲ. ನೆನಪು ಉಳಿಯಲಿ ಅಂತ ತಿಂದ ಸೊಪ್ಪು ಅದು. ಅದನ್ನು ತಿನ್ನಬಾರದು ಅನ್ನುವುದೇ ಮರೆತು ಎರಡು ತಿಂಗಳು ತಿಂದಿದ್ದೆ. ಪಾಪದ ಭಯಕ್ಕಿಂತ ಈ ಭಯವೇ ದೊಡ್ಡದಾಗಿತ್ತು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು.

“ರೀ, ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ.”

“ಮತ್ತೆ ದಿನಾ ಎದುರಿಗೆ ಕೂತು ನೋಡಿದಿರಲ್ಲ, ಒಂದು ಮಾತು ಹೇಳಬಾರದಿತ್ತಾ? ವ್ರತ ಕೆಡೋದನ್ನ ನೋಡ್ತಾ ಕೂತಿದ್ರಾ?” ಅಂತ ಕಿರುಚಿದೆ.

“ಮೊದಲು, ಔಷಧಿ ಅಂತ ತಿಂತಿದ್ದೀಯ ಅಂದ್ಕೊಂಡೆ. ಆಮೇಲೆ ಮರೆತಿದ್ದೀಯ ಅಂತ ಗೊತ್ತಾಯ್ತು. ಹೇಳಿದ್ರೆ ನೀನು ಅವತ್ತೇ ನಿಲ್ಲಿಸಿಬಿಡ್ತಿದ್ದೆ.” ಒಳಗೆ ಬಂದು ನನ್ನ ಪಕ್ಕ ನಿಂತರು. “ಆ ಸೊಪ್ಪಿನಿಂದ ಏನಾದ್ರೂ ಗುಣ ಆಗುತ್ತೇನೋ ಅಂತ ನನಗೂ ಆಸೆ ಇತ್ತು ಕಣೇ. ಪಾಪ ನನಗೇ ಬರಲಿ ಅಂತ ಸುಮ್ಮನಾದೆ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಗಾಡಿಕೊಂಡಿದ್ದ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದರು. ಅವರ ಕೈ ಹಿಡಿದುಕೊಂಡು ಕೂತೆ. ಓರಗಿತ್ತಿಯ ಹತ್ತಿರ ತಪ್ಪಾಯಿತು ಅನ್ನಬೇಕು, ಬಸದಿಯಲ್ಲಿ ಪ್ರಾಯಶ್ಚಿತ್ತ ಕೇಳಬೇಕು ಅಂದೆ. ಅದೆಲ್ಲ ಆಮೇಲೆ, ನಾಳೆ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ ಅಂದರು.

“ಇದು ಯಾವಾಗಿನಿಂದ ಅಂತ ಡಾಕ್ಟರು ಕೇಳ್ತಾರೆ. ಮೂರು ತಿಂಗಳು ಅನ್ನೋಣ್ವಾ?” ಅಂತ ಕೇಳಿದೆ.

“ಇಲ್ಲ, ಅದಕ್ಕಿಂತ ಮುಂಚೆ. ಚಳಿಗಾಲದಲ್ಲಿ ಗೆಂಡೆಹಳ್ಳಿ ಮದುವೆಗೆ ಹೋಗಿದ್ವಲ್ಲ, ನೀನೇ ಹೂ ಕಟ್ಟಿದ್ದೆ. ಅವತ್ತೇ ನನಗೆ ಗೊತ್ತಾಯ್ತು.”

ಹೂಂ ಅಂದೆ. ಯಾರ ಮದುವೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.